ಬಾಯಿ ತೆರಿ, ಅವ್ವಾ

ಗಂಡ ಸತ್ತಾಗ ನನಗ ಎರಡು ಬಿಟ್ಟು ಹೋದ. ಸನತ್‌ನಗರದ ಕಾರ್ಖಾನಿ ಕ್ವಾರ್ಟರ್ಸ್ ಖಾಲಿ ಮಾಡ್ರಿ ಅನ್ನೋ ಕಾಗದ, ಮತ್ತ ಎಚ್‌ಐವಿ. ಕಾಗದ ಮಗಳು ಓದಿ ಹೇಳಿದಳು. ರೋಗಕ್ಕ ಓದುಬರಹ ಬೇಕಿಲ್ಲ.

ದವಾಖಾನಿಯವರು ದಿನಕ್ಕೊಂದು ಗುಳಿಗಿ ಕೊಟ್ಟರು. ಮುಂಜಾನೆ ಚಾ ಕುಡಿದು ನುಂಗತಿದ್ದೆ. ಒಂದು ದಿನ ಬಿಟ್ಟವಳಲ್ಲ. ಆದರ ಒಂದು ಸಲ ರಕ್ತದ ರಿಪೋರ್ಟ್ ನೋಡಿ ಡಾಕ್ಟರು, "ವೈರಸ್ ಏರೈತಿ. ಮುದುಕಿ ಗುಳಿಗಿ ಚೆಲ್ಲಾಕತ್ತಾಳ" ಅಂದ. ನನಗಲ್ಲ, ಮಗಳಿಗೆ ಅಂದ. ನಾ ಅಲ್ಲೇ ಕುಂತಿದ್ದೆ. ಒಂದು ದಿನಾನೂ ಬಿಟ್ಟಿಲ್ಲ ಅಂತ ಇಬ್ಬರಿಗೂ ಹೇಳಿದೆ.

ಮರುದಿನದಿಂದ ಮಗಳು ಎದುರಿಗೆ ನಿಂತಳು.

"ಬಾಯಿ ತೆರಿ, ಅವ್ವಾ. ನಾಲಿಗಿ ಎತ್ತು."

"ಹಲ್ಲು ಎಣಸ್ತೀಯೇನ? ಮೂರ ಅದಾವ."

"ನಾಟಕ ಸಾಕು."

ಅಕಿ ಕೂಸಿದ್ದಾಗ ಮಣ್ಣು ತಿಂದು ಬಾಯಿ ಮುಚ್ಚಿಕೊಂಡಾಗ ನಾನೂ ಹಿಂಗ ಅಂದಿದ್ದೆ. ಆದರ ಅಕಿ ಮಣ್ಣು ತಿಂದದ್ದು ಖರೇ ಇತ್ತು.

ಮಗಳು ನಿಂತು ನುಂಗಿಸಿದರೂ ವೈರಸ್ ಇಳೀಲಿಲ್ಲ. ಬ್ಯಾರೆ ಗುಳಿಗಿ ಶುರು ಮಾಡೂದು ಅಂತ ಡಾಕ್ಟರು ಚೀಟಿ ಬರದ. ಔಷಧದ ಕಿಟಕಿಯೊಳಗಿನ ಫಾರ್ಮಸಿಸ್ಟ್ ಹುಡುಗಿ ತೆಲುಗಿನಾಕಿ, ಆದರ ನಮ್ಮ ಮಾತು ಕಲಿತಾಕಿ. ಚೀಟಿ ನೋಡಿದಳು, ನನ್ನ ನೋಡಿದಳು.

"ಅವ್ವಾ, ನಾಳೆ ನೀವು ಮನ್ಯಾಗ ನುಂಗೂದೆಲ್ಲಾ ಚೀಲದಾಗ ಹಾಕ್ಕೊಂಡು ಬರ್ರಿ."

"ಜ್ವಾಳದ ರೊಟ್ಟಿನೂ ತರ್ಲೇನು?"

"ಚಟ್ನಿ ಕೂಡ ತರ್ರಿ."

ಮರುದಿನ ಚೀಲ ಬಿಚ್ಚಿ ಬಿಪಿ ಗುಳಿಗಿ ಬದಿಗಿಟ್ಟಳು. ಗುಲಾಬಿ ಬಣ್ಣದ ಗ್ಯಾಸಿನ ಔಷಧದ ಬಾಟ್ಲಿ ಬಂದ ಕೂಡ್ಲೇ ಕೈ ನಿಂತಿತು.

"ಇದನ್ನ ಯಾವಾಗ ಕುಡೀತೀರಿ?"

"ನಿಮ್ಮ ಗುಳಿಗಿ ಬೆನ್ನಿಗೇ. ಎದಿ ಉರೀತೈತಿ."

"ಯಾರು ಕೊಟ್ಟರು?"

"ನಮ್ಮ ಗಲ್ಲಿ ಮೆಡಿಕಲ್ ಅಂಗಡಿಯಂವ."

"ಅವಗ ಈ ಗುಳಿಗಿ ಸುದ್ದಿ ಹೇಳಿಲ್ಲೇನು?"

"ಹೇಳಿದ್ರ ನಾಳೆ ನಳದಾಗ ನೀರು ಹಿಡಿಯಾಕ ಬಿಡ್ತಾರೇನ ನನ್ನ?"

ಗುಲಾಬಿ ಔಷಧ ಗುಳಿಗಿನ್ನ ಹೊಟ್ಟ್ಯಾಗ ಕಟ್ಟಿಹಾಕತೈತಿ, ರಕ್ತಕ್ಕ ಹೋಗಗೊಡೂದಿಲ್ಲ ಅಂದಳು. ಗುಳಿಗಿ ಮೊದಲು, ಎರಡು ತಾಸು ಬಿಟ್ಟು ಔಷಧ. ಬಾಟ್ಲಿ ಹಿಡಕೊಂಡು ತಾನೇ ಡಾಕ್ಟರ ಖೋಲಿಗೆ ಹೋದಳು. ಹಳೇ ಗುಳಿಗಿನೇ ಉಳೀತು.

ಮುಂದಿನ ರಿಪೋರ್ಟಿನಾಗ ವೈರಸ್ ಇಳಿದಿತ್ತು. ಡಾಕ್ಟರು ಸಹಿ ಮಾಡಿದ, ತಲಿ ಎತ್ತಲಿಲ್ಲ.

ಬಸ್ಸಿನಾಗ ಮಗಳನ್ನ ಕೇಳಿದೆ, "ನನ್ನ ಮಾತು ಯಾಕ ನಂಬಲಿಲ್ಲ?"

"ಡಾಕ್ಟರು ಹೇಳಿದ್ರಲ್ಲ."

"ನಾನೂ ಹೇಳಿದ್ದೆ."

ಅಕಿ ಕಿಟಕಿ ಕಡೆ ತಿರುಗಿದಳು.

ಈಗ ಅಕಿ ಎದುರಿಗೆ ನಿಂದ್ರೂದಿಲ್ಲ. ದಿನಾ ಗುಳಿಗಿ ನುಂಗಿ, ಅಕಿ ರೊಟ್ಟಿ ಬಡಿಯೂ ಕಡೆ ನಾನೇ ಹೋಗಿ ಬಾಯಿ ತೆರಿತೀನಿ, ನಾಲಿಗಿ ಎತ್ತತೀನಿ. ಅಕಿ ನೋಡೂದಿಲ್ಲ. ನಾ ಮುಚ್ಚೂದಿಲ್ಲ.