ಮೇಷ್ಟ್ರ ಪ್ರಿಂಟಿಗೆ ತಾಳೆಯಾಗದ ಸಂಖ್ಯೆಗಳು

ಸಿದ್ಧಾರ್ಥನಗರದ ಬೇಕರಿಯೊಂದರ ಮೇಲಿದ್ದ ಕಂಪ್ಯೂಟರ್ ಸೆಂಟರಿಗೆ ಸಿದ್ದಲಿಂಗಸ್ವಾಮಿಯೇ ಮಾಲೀಕರು, ಅವರೇ ಮೇಷ್ಟ್ರು. ತೊಂಬತ್ತೆಂಟನೇ ಇಸವಿಯ ಮಾತು. ಚಪ್ಪಲಿ ಹೊರಗೇ ಬಿಡಬೇಕು, ಕಂಪ್ಯೂಟರಿಗೆ ಧೂಳು ಆಗಿಬರುವುದಿಲ್ಲವಂತೆ. ಅದರ ಪಕ್ಕದಲ್ಲೇ ದಿನಾ ಊದುಬತ್ತಿ ಮಾತ್ರ ಉರಿಯಬೇಕು. ಬೂದಿ ಕೀಬೋರ್ಡಿಗೆ ಉದುರಿದರೆ ಅದು ಪ್ರಸಾದ! ಈ ಮಹಾನುಭಾವರು ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿದರು, ಬುದ್ಧಿಯನ್ನು ಹಾಗೇ ಇಟ್ಟುಕೊಂಡರು. ಕೊಟ್ಟ ಹಾಳೆಯಲ್ಲಿದ್ದದ್ದು ಅಕ್ಷರಶಃ ಬಂದರೆ ಪಾಸು, ಇಲ್ಲದಿದ್ದರೆ ಇಲ್ಲ. ಅಷ್ಟೇ ಅವರ ವಿದ್ಯೆ.

ಅಲ್ಲಿ ಕಲಿಯುತ್ತಿದ್ದ ಸೌಮ್ಯಶ್ರೀಗೆ ಇಂಥವರ ಸಹಿ ಬೇಕಾಗಿತ್ತಲ್ಲ, ಏನು ಮಾಡೋದು! ಸರ್ಟಿಫಿಕೇಟ್ ಸಿಕ್ಕರೆ ಸೋಮವಾರದಿಂದ ಉದಯಗಿರಿಯ ಕಾನ್ವೆಂಟೊಂದರಲ್ಲಿ ಕಂಪ್ಯೂಟರ್ ಟೀಚರ್ ಕೆಲಸ. ಸಿಗದಿದ್ದರೆ ಅದು ಬೇರೆಯವರ ಪಾಲು.

ಕೊನೆಯ ಪರೀಕ್ಷೆಗೆ ಕೊಟ್ಟದ್ದು ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲಿನ ಒಂದು ಅರೇ, ಅಂದರೆ ಹದಿನಾರು ಮನೆಗಳ ಚೌಕ. ಅದರ ಪ್ರತಿ ಮನೆಗೂ ಕಂಪ್ಯೂಟರ್ ತನಗೆ ತೋಚಿದ ಸಂಖ್ಯೆ, ಅಂದರೆ ರ‍್ಯಾಂಡಮ್ ನಂಬರು, ತುಂಬುವಂತೆ ಪ್ರೋಗ್ರಾಂ ಬರೆಯಬೇಕು. ಸೌಮ್ಯಶ್ರೀ ಬರೆದಳು. ಓಡಿಸಿದಾಗೆಲ್ಲ ಹೊಸ ಸಂಖ್ಯೆಗಳೇ ಬಂದವು. ಮೇಷ್ಟ್ರು ಹಿಂದೊಮ್ಮೆ ಇದೇ ಪ್ರೋಗ್ರಾಂ ಓಡಿಸಿ ತೆಗೆದಿಟ್ಟಿದ್ದ ಹಳೇ ಪ್ರಿಂಟ್ ಹಿಡಿದು ಬಂದು ಸ್ಕ್ರೀನಿನ ಮೇಲೆ ಬೆರಳಿಟ್ಟರು.

“ಏನಮ್ಮ ಇದು? ಮೊದಲನೇ ಮನೇಲಿ ನಲವತ್ತಾರು ಬರಬೇಕು. ನಿಂದು ಎಂಟು ಬಂದಿದೆ!”

“ಸಾರ್, ಏನು ಬರುತ್ತೆ ಅಂತ ಮೊದಲೇ ಗೊತ್ತಿರಬಾರದು. ಅದಕ್ಕೇ ಅಲ್ವಾ ಸಾರ್ ಈ ಪ್ರೋಗ್ರಾಂ?”

“ನಂಗೇ ಹೇಳ್ಕೊಡೋಕೆ ಬಂದ್ಬುಟ್ಟಾ? ಕಂಪ್ಯೂಟರಿಗೆ ವೈರಸ್ ಹೊಡೆದಿರಬೇಕು, ಇಲ್ಲ ನಿನಗೆ ತಲೆ ಕೆಟ್ಟಿರಬೇಕು. ತಾಳೆ ಆಗೋವರೆಗೂ ಸಹಿ ಇಲ್ಲ, ಹೋಗು!”

ಥೂ, ಇದೂ ಒಂದು ಪಾಠವೇ! ಸೌಮ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಸೋಮವಾರ ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿಕೊಂಡು, ತಾನು ಬರೆದದ್ದನ್ನೆಲ್ಲ ಅಳಿಸಿ, ಮೇಷ್ಟ್ರ ಹಾಳೆಯಲ್ಲಿದ್ದ ಸಂಖ್ಯೆಗಳನ್ನು ಒಂದೊಂದಾಗಿ ತನ್ನ ಕೈಯಾರೆ ಮನೆಗಳಿಗೆ ತುಂಬಿದಳು. ಕಂಪ್ಯೂಟರಿಗೆ ತೋಚಲು ಇನ್ನೇನೂ ಉಳಿಯಲಿಲ್ಲ. ಆಮೇಲೆ ಓಡಿಸಿ ತೋರಿಸಿದಳು.

ನಲವತ್ತಾರು, ಮೂವತ್ತು, ಎಂಬತ್ತೆರಡು… ಮೇಷ್ಟ್ರ ಮುಖ ಊರಗಲ ಆಯಿತು.

“ನೋಡ್ದಾ? ಈಗ ಸರಿಯಾಗಿ ರ‍್ಯಾಂಡಮ್ ಬಂತು ಕಣಮ್ಮ!”

ಹೇಗೆ ಬರೆದಿದ್ದಾಳೆ ಅಂತ ಒಂದು ಸಾಲೂ ಓದಲಿಲ್ಲ ಪುಣ್ಯಾತ್ಮ. ಡಿಸ್ಟಿಂಕ್ಷನ್ ಅಂತ ಗೀಚಿ, ಸಹಿ ಜಡಿದು, ಸರ್ಟಿಫಿಕೇಟನ್ನು ಅವಳ ಕೈಗಿಟ್ಟರು. ಆಮೇಲೆ ಉಳಿದ ವಿದ್ಯಾರ್ಥಿಗಳ ಕಡೆ ತಿರುಗಿ, “ಮೇಷ್ಟ್ರಾದರೆ ಇಂಥೋರೇ ಆಗಬೇಕು ಕಣ್ರೋ, ಥೇಟ್ ನನ್ನ ಹಂಗೇ!” ಅಂದರು.

ಅವತ್ತು ತಿಂದ ಬೈಗುಳದಲ್ಲಿ ಒಂದೂ ಸೌಮ್ಯಶ್ರೀಗೆ ಇಷ್ಟು ನಾಟಿರಲಿಲ್ಲ.