ಖಾಲಿ ಗಾಡಿ

೧೯೮೨ರಲ್ಲಿ ಏಳನೇ ಇಯತ್ತೆಗೆ ಸಾಲಿ ಬಿಟ್ಟು ಕಬ್ಬಿನ ಗಾಡಿ ಹೊಡೆಯತೊಡಗಿದೆ. ಆಮೇಲೆ ಕಲಿತದ್ದೆಲ್ಲ ಎತ್ತುಗಳಿಂದ, ಮತ್ತೆ ಶೇಡಬಾಳದ ರೇಡಿಯೋ ರಿಪೇರಿಯ ತವನಪ್ಪಣ್ಣನಿಂದ.

ಮಾತಾಡುವಾಗ ಅವನು ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ; ಆಕಾಶ ನೋಡುತ್ತಿದ್ದ. ಬಿದಿರಿನ ಸೀಳು, ತೆಳು ಬಟ್ಟೆ, ಪುಣೆಯಿಂದ ತಂದ ಸಣ್ಣ ಇಂಜಿನ್ನು ಸೇರಿಸಿ, ಮನುಷ್ಯ ಕೂಡದ ವಿಮಾನವೊಂದನ್ನು ಕಟ್ಟುತ್ತಿದ್ದ. ನೆಲದ ಮೇಲೆ ನಿಂತು, ಕೈಯಲ್ಲಿನ ರೇಡಿಯೋ ಪೆಟ್ಟಿಗೆಯಿಂದ ಅದನ್ನು ನಡೆಸುವುದು. ಒಂದೊಂದು ರೆಕ್ಕೆ ನನ್ನ ತೋಳಿಗಿಂತ ಉದ್ದ.

ಚಹಾದಂಗಡಿಯವರು ಕೆಣಕುತ್ತಿದ್ದರು: ‘ತವನಪ್ಪಾ, ನಿನ್ನ ಕೋಳಿ ಯಾವಾಗ ಹಾರತೈತೋ?’

‘ಅದಕ್ಕ ಮೊದಲ ಇಳಿಯೂದು ಕಲಸಾಕತ್ತೇನಿ. ಹಾರೂದು ಆಮ್ಯಾಲ.’

ಆ ವರ್ಷಗಳಲ್ಲಿ ಕಬ್ಬಿಗೆ ಔಷಧ ಹೊಡೆಯಲು ಸಣ್ಣ ವಿಮಾನ ಬರುತ್ತಿತ್ತು, ಬೇವಿನ ಮರದಷ್ಟು ಎತ್ತರದಲ್ಲಿ. ತನ್ನದು ಎಲ್ಲಿ ಅದಕ್ಕೆ ಅಡ್ಡ ಹೋದೀತೋ ಎಂದು ಅವನಿಗೆ ಅದರದೇ ಚಿಂತೆ. ಒಂದು ದಿನ ನನ್ನ ಗಾಡಿಯ ನೊಗ ಹಿಡಿದು ಕೇಳಿದ:

‘ಮಲ್ಲ್ಯಾ, ಸಣ್ಣ ದಾರ್ಯಾಗ ಎರಡು ಗಾಡಿ ಎದುರಾಬದುರಾ ಬಂದ್ರ ಯಾರು ಸರೀಬೇಕು?’

‘ಖಾಲಿ ಗಾಡಿ ಸರೀಬೇಕಣ್ಣಾ. ತುಂಬಿದ್ದು ಕೆಳಗಿಳದ್ರ ಮತ್ತ ಏಳಂಗಿಲ್ಲ.’

‘ನಂದು ಖಾಲಿ ಗಾಡಿ ಬಿಡು. ಒಳಗ ಮನಿಷ್ಯಾ ಇಲ್ಲ.’

ಔಷಧದ ವಿಮಾನ ಬರುತ್ತದೆಂದು ಡಂಗುರ ಸಾರಿದ ದಿನ ತನ್ನದನ್ನು ಅವನು ಹೊರಗೇ ತೆಗೆಯುತ್ತಿರಲಿಲ್ಲ.

ಅವತ್ತು ಡಂಗುರ ಸಾರಿರಲಿಲ್ಲ. ಅವನ ವಿಮಾನ ಮೊದಲ ಸಲ ಸರಿಯಾಗಿ ಹಾರಿತ್ತು. ಸಾಲಿ ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ಕೃಷ್ಣೆಯ ಕಡೆಯಿಂದ ಔಷಧದ ವಿಮಾನ ನೇರ ಅದರ ಎದುರಿಗೇ ಬಂತು.

‘ಅಣ್ಣಾ, ತುಂಬಿದ ಗಾಡಿ ಬಂತೋ! ಸರಸೋ!’ ಎಂದು ಒದರಿದೆ.

ಮೇಲೇರಿಸಲು ಹೊತ್ತಿರಲಿಲ್ಲ. ಬಲಕ್ಕೆ ಹುಡುಗರು. ಎಡಕ್ಕೆ ಕಬ್ಬು ಕಡಿಯುತ್ತಿದ್ದ ಹೆಣ್ಣುಮಕ್ಕಳು. ಖಾಲಿ ಇದ್ದದ್ದು ನಾವಿಬ್ಬರೂ ನಿಂತ ಬದು ಒಂದೇ. ‘ಹಿಂದಕ್ಕ ಸರೀಲೇ’ ಎಂದು ಮೊಣಕೈಯಿಂದ ನನ್ನನ್ನು ನೂಕಿ, ತನ್ನ ವಿಮಾನದ ಮೂತಿಯನ್ನು ತನ್ನ ಕಡೆಗೇ ತಿರುಗಿಸಿದ. ಪೆಟ್ಟಿಗೆ ಬಿಟ್ಟು ಓಡಿದ್ದರೆ ಅದು ಎತ್ತಲೋ ಹೋಗುತ್ತಿತ್ತು. ಅವನು ಬಿಡಲಿಲ್ಲ. ಇಂಜಿನ್ನು ಎದೆಗೆ ಬಡಿಯಿತು.

ಮೇಲೆ ಕೂತವನಿಗೆ ಏನೂ ಗೊತ್ತಾಗಲಿಲ್ಲ. ಔಷಧ ಹೊಡೆಯುತ್ತ ಹೋದ. ಅದರ ಹನಿ ನಮ್ಮ ಮೇಲೂ ಬಿತ್ತು.

ಮಿರಜದ ದವಾಖಾನೆಗೆ ಒಯ್ಯುವಾಗ ಟೆಂಪೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

‘ತುಂಬಿದ ಗಾಡಿ ದಾಟಿತೇನೋ?’

‘ದಾಟೈತಿ ಅಣ್ಣಾ.’

ನಾವು ಕಾಗವಾಡ ದಾಟುವುದರೊಳಗೆ ಅವನು ಹೋದ. ‘ಹುಚ್ಚ, ಆಟಿಗಿ ಸಾಮಾನಕ್ಕ ಸತ್ತ’ ಎಂದರು ಚಹಾದಂಗಡಿಯವರು.

ಈಗ ನನಗೆ ಎರಡು ಟ್ರ್ಯಾಕ್ಟರು, ನಾಲ್ಕು ಟ್ರೇಲರು, ಮೂರು ಎಕರೆ ಕಬ್ಬು. ಎಲ್ಲ ದುಡಿದು ಮಾಡಿದ್ದು. ದುಡಿಯದೆ ಬಂದದ್ದು ಅಟ್ಟದ ಮೇಲಿದೆ: ಬಿದಿರಿನ ರೆಕ್ಕೆ, ಒಂದು.