ಒಗೆಯೋ ಕಲ್ಲಿಗೆ ದೃಷ್ಟಿಬೊಟ್ಟು

ನನ್ನ ಓರಗಿತ್ತಿ ಮುನಿವೆಂಕಟಮ್ಮನನ್ನು ಊರಿನವರು ಗಯ್ಯಾಳಿ ಅನ್ನುತ್ತಿದ್ದರು. ಅನ್ನಲಿ ಬಿಡಿ. ಅಂದವರ ಮನೆಯಲ್ಲಿ ಅಂಥವಳೊಬ್ಬಳು ಇರಲಿಲ್ಲ, ಅದೇ ಅವರ ಹೊಟ್ಟೆಯುರಿ. ಅವಳು ಆ ಮನೆಯ ಹಿರೀ ಸೊಸೆ, ನಾನು ಕಿರೀ ಸೊಸೆ. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೂ ನನಗೆ ಅವಳಷ್ಟು ಮಾಡಲಿಲ್ಲ.

ನಲ್ಲೂರಿನ ಹುಣಸೇತೋಪು ದಾಟಿ ಒಂದು ಮೈಲಿ ನಡೆದರೆ ನಮ್ಮ ಊರು. ಅರವತ್ತೊಂಬತ್ತನೇ ಇಸವಿಯಲ್ಲಿ ನಮ್ಮ ಮನೆಯಲ್ಲಿ ಇಪ್ಪತ್ತಮೂರು ಜನ ಉಣ್ಣುತ್ತಿದ್ದರು. ಅತ್ತೆ ದ್ಯಾವಮ್ಮ ಮೂರು ಸೊಸೆಯರಿಗೂ ಕೆಲಸ ಹಂಚಿಕೊಟ್ಟಿದ್ದರು. ದನಕರು, ಹಾಲು, ಕೊಟ್ಟಿಗೆ ಅಕ್ಕನಿಗೆ. ಅಡುಗೆಮನೆ ನಡುವಿನವಳಾದ ಮುತ್ತಮ್ಮನಿಗೆ. ಬಟ್ಟೆ ನನಗೆ. ಹಬ್ಬದ ಬಟ್ಟೆ, ಸೂತಕದ ಬಟ್ಟೆ ಮಾತ್ರ ಮಡಿವಾಳರ ಪಿಳ್ಳಮ್ಮ ಒಯ್ಯುತ್ತಿದ್ದಳು. ಮಿಕ್ಕ ದಿನ ಇಪ್ಪತ್ತಮೂರು ಜನರ ಬೆವರು ನನ್ನ ತಲೆಯ ಮೇಲೆ ಮಂಕರಿಯಲ್ಲಿ ಊರಾಚೆಯ ನೀರಿನ ಕುಂಟೆಗೆ ಹೋಗಿ, ಅಲ್ಲಿ ಒಗೆಸಿಕೊಂಡು, ಒದ್ದೆಯಾಗಿ ಎರಡರಷ್ಟು ಭಾರವಾಗಿ ಮನೆಗೆ ಬರುತ್ತಿತ್ತು.

ಮದುವೆಯಾದ ಮೂರು ವರ್ಷದಲ್ಲಿ ನನಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಎರಡನೆಯದು ಕುಂಟೆಯ ಮೆಟ್ಟಿಲ ಮೇಲೆ. ಒದ್ದೆ ಮಂಕರಿ ಹೊತ್ತು ಮೇಲೆ ಬರುವಾಗ ಪಾಚಿಯ ಮೇಲೆ ಕಾಲು ಜಾರಿತು, ಅಷ್ಟೇ. ಮೂರನೇ ಸಲ ನಿಂತಾಗ ಅತ್ತೆ ಎಲ್ಲರ ಎದುರಿಗೇ ಹೇಳಿದರು: "ಇದೂ ನಿಲ್ದಿದ್ರೆ ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ." ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನವೂ ಈ ಮನೆಯಲ್ಲೇ, ಬದುಕೂ ಈ ಮನೆಯಲ್ಲೇ. ಕಳೆದುಕೊಂಡರೆ ಹೋಗಲು ಜಾಗವಿರಲಿಲ್ಲ.

ಐದು ತಿಂಗಳು ತುಂಬಿದ ದಿನ ಅಕ್ಕ ಒಂದು ದಾರ ತಂದು ನೆಲದಿಂದ ನನ್ನ ಸೊಂಟದವರೆಗೆ ಅಳೆದು ಗಂಟು ಹಾಕಿದಳು.

"ಏನಕ್ಕಾ ಇದು?" ಎಂದೆ.

"ಕಲ್ಲಿನ ಎತ್ತರ ಕಣೇ. ಹಿತ್ತಲ ಬಾವಿ ಪಕ್ಕ ಒಗೆಯೋ ಕಲ್ಲು ಹಾಕಿಸ್ತೀನಿ. ಬಗ್ಗಿದ್ರೆ ಹೊಟ್ಟೆಗೆ ಒತ್ತಬಾರ್ದು. ಇಬ್ರು ಒಟ್ಗೆ ನಿಂತು ಒಗೆಯೋ ಹಂಗಿರ್ಬೇಕು. ಇನ್ಮೇಲೆ ಆ ಕುಂಟೆ ಮುಖ ನೋಡಿದ್ರೆ ಕಾಲು ಮುರೀತೀನಿ."

ಅಕ್ಕನ ಗಂಡ ಅಪ್ಪಯ್ಯಣ್ಣ ಮನೆಯ ಯಜಮಾನರು, ನನಗೆ ಭಾವ. ನಮ್ಮ ಕಡೆ ತಮ್ಮನ ಹೆಂಡತಿಗೂ ಭಾವನಿಗೂ ಮಾತಿಲ್ಲ. ಅವರು ಹಿತ್ತಲಿಗೆ ಬಂದರೆ ನಾನು ಸೆರಗೆಳೆದುಕೊಂಡು ಮರೆಯಾಗಬೇಕು. ಮೂರು ವರ್ಷದಲ್ಲಿ ಅವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಅಕ್ಕ ಅವರ ಬೆನ್ನು ಹತ್ತಿ ಹತ್ತಿ ಕಲ್ಲಿಗೆ ಒಪ್ಪಿಸಿದಳು. ಒಪ್ಪಿಸಿ ಸುಮ್ಮನಾಗಲಿಲ್ಲ, ಕಲ್ಲು ಒಡೆಯುವ ಬಂಡೆಗೆ ತಾನೂ ಬರುತ್ತೇನೆಂದು ಗಾಡಿ ಹತ್ತಿ ಕೂತಳು. ಕಲ್ಲು ಆರಿಸುವುದಕ್ಕೆ ಹೆಂಗಸು ಹೋಗುವುದೇ? ಅತ್ತೆ ಬಾಗಿಲಲ್ಲಿ ನಿಂತು ಕೂಗಾಡಿದರು. ಅಕ್ಕ ಒಂದು ಚೊಂಬು ನೀರು ಮಡಿಲಲ್ಲಿಟ್ಟುಕೊಂಡು ತಿರುಗಿಯೂ ನೋಡಲಿಲ್ಲ.

ಅಲ್ಲಿ ನಡೆದದ್ದನ್ನು ಗಾಡಿ ಹೊಡೆದ ನನ್ನ ಗಂಡ ಬಂದು ಹೇಳಿದರು. ಬಂಡೆಯಲ್ಲಿ ಕಲ್ಲೊಡೆಯುವ ಪಿಳ್ಳಪ್ಪ ನಾಲ್ಕು ಚಪ್ಪಡಿ ತೋರಿಸಿದನಂತೆ. ಒಂದು ಮಾತ್ರ ಆನೆಯಂಥದ್ದು, ಏಳಡಿ ಉದ್ದ, ನುಣ್ಣನೆಯ ಮೈ. ಭಾವನ ಕಣ್ಣು ಅದರ ಮೇಲೆಯೇ ಬಿತ್ತು. ಅಕ್ಕ ಚೊಂಬಿನ ನೀರನ್ನು ನಾಲ್ಕಕ್ಕೂ ಚಿಮುಕಿಸಿ, ಬಿಸಿಲಿಗೆ ಒಣಗಲಿ ಎಂದು ಕುಕ್ಕರುಗಾಲಲ್ಲಿ ಕೂತಳಂತೆ. ಒಣಗುವಾಗ ಮೂರು ಕಲ್ಲು ಒಂದೇ ಸಮ ಬೆಳ್ಳಗಾದವು. ದೊಡ್ಡದರಲ್ಲಿ ಮಾತ್ರ ನಟ್ಟನಡುವೆ ಒಂದು ಅಂಚಿನಿಂದ ಅಡ್ಡಕ್ಕೆ ಗೇಣುದ್ದ, ಕೂದಲೆಳೆಯಷ್ಟು ಒಂದು ಗೆರೆ ತೇವವಾಗಿಯೇ ಉಳಿಯಿತು.

"ಇದು ಬ್ಯಾಡ. ಒಳಗೆ ಬಿರುಕೈತೆ, ನೀರು ಕುಡ್ದಿದೆ ನೋಡಿ," ಎಂದಳಂತೆ ಅಕ್ಕ.

ಪಿಳ್ಳಪ್ಪನಿಗೆ ಮೈಯೆಲ್ಲ ಉರಿಯಿತು. "ಮೂವತ್ತು ವರ್ಷದಿಂದ ಕಲ್ಲು ಒಡೀತಿದ್ದೀನಿ ಕಣಮ್ಮ. ಅದು ಕಲ್ಲಿನ ನರ. ಏನ್ ಗೌಡ್ರೇ, ಮನೇಲಿ ಯಜಮಾನ್ರು ಯಾರು ಅಂತ ಮೊದ್ಲು ಹೇಳ್ಬಿಡಿ, ನಾನು ಅವರತ್ರನೇ ಮಾತಾಡ್ತೀನಿ."

ಸುತ್ತ ಇದ್ದ ಕೂಲಿಯವರು ನಕ್ಕರು. ಆ ನಗು ಭಾವನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ನಮ್ಮಲ್ಲಿ ಬಂಡೆಯಿಂದ ಕಲ್ಲು ಎತ್ತುವ ಮುಂಚೆ ಕುಂಕುಮವಿಟ್ಟು ಕಾಯಿ ಒಡೆಯುತ್ತಾರೆ. ಕುಂಕುಮ ಬಿದ್ದ ಮೇಲೆ ಆ ಕಲ್ಲು ಮನೆಗೆ ಬಂದ ಹಾಗೆ. ಅದನ್ನು ಬಿಟ್ಟು ಬೇರೆ ಎತ್ತಿದರೆ ಮನೆಗೆ ಕೇಡು ಎಂದು ನಂಬಿಕೆ. ಭಾವ ಕುಂಕುಮದ ಬಟ್ಟಲು ತೆಗೆದು ಆ ದೊಡ್ಡ ಕಲ್ಲಿಗೆ ಮೂರು ಬೆರಳಿಂದ ಬಳಿದೇಬಿಟ್ಟರು. ಹೆಂಡತಿಯ ಬಾಯಿ ಮುಚ್ಚಿಸಲು ಇಟ್ಟ ಕುಂಕುಮ ಅದು. ಪೂಜೆಯಂತೆ, ಪೂಜೆ!

ಕಲ್ಲು ಬಂತು. ಎರಡು ಕಾಲುಗಲ್ಲಿನ ಮೇಲೆ ದಾರದ ಗಂಟಿನ ಎತ್ತರಕ್ಕೇ ಸರಿಯಾಗಿ ಕೂರಿಸಿದರು. ನಡುವೆ ಇನ್ನೊಂದು ಕಾಲು ಕೊಡಿಸಿ ಎಂದು ಅಕ್ಕ ಕೇಳಿದಳು. "ಇರೋ ಎರಡೇ ಸಾಕು," ಎಂದರು ಭಾವ. ಊರ ಹೆಂಗಸರೆಲ್ಲ ಬಂದು ನೋಡಿ, ಕಲ್ಲೆಂದರೆ ಇದು ಎಂದು ಹೊಗಳಿ ಹೋದರು. ಅವರು ಹೋದದ್ದೇ ತಡ, ಅಕ್ಕ ನನ್ನ ರೆಟ್ಟೆ ಹಿಡಿದು ಬಚ್ಚಲ ಹಿಂದಕ್ಕೆ ಎಳೆದುಕೊಂಡು ಹೋದಳು.

"ನೀನು ಇದರ ಮೇಲೆ ಒಂದು ಕರ್ಚೀಪೂ ಒಗೆಯಂಗಿಲ್ಲ. ನಾನು ಒಗೀತೀನಿ."

"ನಿನಗೆ ಬಿದ್ರೆ?"

"ನನ್ನ ಹೊಟ್ಟೇಲಿ ಏನೈತೆ? ಮುದ್ದೆ ತಾನೇ."

ಅಂದಿನಿಂದ ಕೊಟ್ಟಿಗೆಯ ಕೆಲಸ ಮುಗಿಸಿ, ಇಪ್ಪತ್ತಮೂರು ಜನರ ಬಟ್ಟೆಯನ್ನೂ ಅವಳೇ ಒಗೆದಳು. ನಾನು ನೀರು ಸೇದುವುದನ್ನೂ ಬಿಡಿಸಿದಳು. ಒಗೆದು ಮುಗಿದ ಮೇಲೆ ಕಲ್ಲಿಗೆ ಒಂದು ಬಿಂದಿಗೆ ನೀರು ಸುರಿದು ಬಿಸಿಲಿಗೆ ಒಣಗುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಕಲ್ಲೆಲ್ಲ ಬೆಳ್ಳಗಾದರೂ ಆ ಗೆರೆ ಒದ್ದೆಯಾಗಿ ಉಳಿಯುತ್ತಿತ್ತು. ಮೊದಲ ಶುಕ್ರವಾರ ಅವಳು ಗೆರೆ ಮುಗಿಯುವ ಜಾಗದಲ್ಲಿ ಒಂದು ಕರಿ ಬೊಟ್ಟಿಟ್ಟಳು. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕರಿಗೇರುಬೀಜದ ಎಣ್ಣೆ ಅದು, ಪಿಳ್ಳಮ್ಮನ ಹತ್ತಿರ ಕೇಳಿ ತಂದಿದ್ದಳು. ಸೋಪಿಗೂ ಹೋಗದು, ಸೌಳುಮಣ್ಣಿಗೂ ಹೋಗದು.

"ಅದೇನೇ ಕರ್ರಗೆ?" ಅತ್ತೆ ಕೇಳಿದರು.

"ದೃಷ್ಟಿಬೊಟ್ಟು ಅತ್ತೆ. ಊರೆಲ್ಲ ಕಣ್ಣು ಹಾಕೈತೆ."

ಅತ್ತೆಗೆ ಬಹಳ ಸಂತೋಷವಾಯಿತು. ಮುಂದಿನ ಶುಕ್ರವಾರ ಗೆರೆ ಬೊಟ್ಟು ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಅಕ್ಕ ಅಲ್ಲಿ ಇನ್ನೊಂದಿಟ್ಟಳು. ಹೀಗೆ ವಾರಕ್ಕೊಂದು. ನನಗೆ ಹೊಟ್ಟೆ ಬೆಳೆಯುತ್ತಿತ್ತು, ಕಲ್ಲಿನ ಮೇಲೆ ಬೊಟ್ಟು ಬೆಳೆಯುತ್ತಿದ್ದವು. ಬಟ್ಟೆ ಬಡಿಯುವ ಸದ್ದು ಕೇಳಿದಾಗಲೆಲ್ಲ ನಾನು ಗೋಡೆ ಹಿಡಿದು ನಿಂತು ಎಣಿಸುತ್ತಿದ್ದೆ. ಸದ್ದು ನಿಂತಾಗ ಓಡಿ ಹೋಗಿ ನೋಡಿದರೆ ಅಕ್ಕ ಸೀರೆ ಹಿಂಡುತ್ತಾ ನಿಂತಿರುತ್ತಿದ್ದಳು. "ಹೋಗೇ ಒಳಗೆ, ಹೆಣ ನೋಡೋಕೆ ಬಂದೋಳ ಥರ ಬರ್ತಾಳೆ," ಎಂದು ಬೈಯುತ್ತಿದ್ದಳು. ಭಾವ ದಿನಾ ಎತ್ತುಗಳಿಗೆ ನೀರು ಕುಡಿಸಲು ಬಾವಿಗೆ ಬರುತ್ತಿದ್ದರು. ಕಲ್ಲಿನ ಕಡೆ ನೋಡುತ್ತಿದ್ದರು, ಹೋಗುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಹನ್ನೊಂದನೇ ಬೊಟ್ಟು ಕಲ್ಲಿನ ಆಚೆ ಅಂಚಿಗೆ ಎರಡೇ ಬೆರಳು ದೂರದಲ್ಲಿತ್ತು. ಆಗ ನನಗೆ ಎಂಟು ತಿಂಗಳು ಸಮೀಪಿಸಿತ್ತು. ಅಕ್ಕನ ತವರು ಸಾಸಲಿನಿಂದ ಆಳು ಬಂದು, ಅಕ್ಕನ ತಾಯಿಗೆ ಮಾತು ನಿಂತಿದೆ, ಈಗಲೇ ಬರಬೇಕಂತೆ ಎಂದ. ಅಕ್ಕ ಹೊರಡುವಾಗ ಕಣ್ಣೀರು ಒರೆಸಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ ಹೇಳಿದಳು: "ನಾನು ಬರೋಗಂಟ ಕಲ್ಲಿನ ಹತ್ರ ಸುಳೀಬೇಡ. ಬಟ್ಟೆ ಕೊಳ್ತು ನಾರ್ಲಿ."

ಮೂರು ದಿನ ನಾರಿತು. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಮಂಕರಿ ತಂದು ನನ್ನ ಮುಂದೆ ಕುಕ್ಕಿದರು. "ಗಂಡಸ್ರಿಗೆ ಉಟ್ಕೊಳಕ್ಕೆ ಒಂದು ಪಂಚೆ ಇಲ್ಲ. ನಾವೇನು ಹೆತ್ತಿಲ್ವಾ? ಏಳು."

ಕಲ್ಲು ಒಡೆಯುತ್ತದೆ ಎಂದು ಹೇಳಬಹುದಿತ್ತು. ಯಜಮಾನರು ಕುಂಕುಮವಿಟ್ಟ ಕಲ್ಲಿಗೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಕ್ಕನಿಗಿದ್ದ ಧೈರ್ಯ ನನಗಿರಲಿಲ್ಲ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎದ್ದು ಹೋದೆ. ಮೊದಲು ಕೈಗೆ ಸಿಕ್ಕಿದ್ದು ಭಾವನ ಪಂಚೆ. ಅದಕ್ಕೆ ಸೋಪು ಹಚ್ಚಿ, ಬಡಿಯದೆ, ಮೆಲ್ಲಗೆ ಉಜ್ಜಿದೆ.

ಅತ್ತೆ ಹೊಸಿಲ ಮೇಲೆ ಕೂತು ನೋಡುತ್ತಿದ್ದರು. "ಏನು, ಪಂಚೆಗೆ ಮುದ್ದು ಮಾಡ್ತಿದ್ದೀಯಾ? ಎತ್ತಿ ಒಗಿ!"

ಎತ್ತಿ ಒಗೆದೆ. ಒಂದು. ಎರಡು. ಮೊದಲೆಲ್ಲ ಗಟ್ಟಿಯಾಗಿ ಕೇಳುತ್ತಿದ್ದ ಸದ್ದು ಆವತ್ತು ಡಬ್ ಎಂದು ಬೇರೆಯೇ ಕೇಳಿತು. ನನ್ನ ಹೊಟ್ಟೆ ಕಲ್ಲಿನ ಅಂಚಿಗೆ ತಾಗುತ್ತಿತ್ತು. ಮಗು ಒಮ್ಮೆ ಒದೆಯಿತು. ಮೂರನೆಯ ಸಲ ಕೈ ಎತ್ತಿದಾಗ ಹಿಂದಿನಿಂದ ಯಾರೋ ಪಂಚೆ ಹಿಡಿದುಕೊಂಡರು.

ಭಾವ! ಎತ್ತುಗಳನ್ನು ಹಗ್ಗ ಸಮೇತ ಬಿಟ್ಟು ಓಡಿ ಬಂದಿದ್ದರು. ಏದುಸಿರು ಬಿಡುತ್ತಾ, "ಸರ್ಕೊಳಮ್ಮ," ಎಂದರು. ಮೂರು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ನಾನು ಸೆರಗೆಳೆದುಕೊಂಡು ಬಾವಿಕಟ್ಟೆಗೆ ಸರಿದೆ.

"ಏನೋ ಇದು, ಗಂಡಸಾಗಿ ಬಟ್ಟೆ ಮುಟ್ಟೋದಾ? ಊರೋರು ಏನಂತಾರೋ!" ಅತ್ತೆ ಕಿರುಚಿದರು.

ಭಾವ ಪಂಚೆ ಎತ್ತಿ ಇದ್ದ ಶಕ್ತಿಯೆಲ್ಲ ಹಾಕಿ ಬಡಿದರು. ಇನ್ನೊಮ್ಮೆ ಬಡಿದರು. ಮೂರನೆಯ ಏಟಿಗೆ ಕಲ್ಲು ಬೊಟ್ಟಿನ ಸಾಲಿಗೇ ಸರಿಯಾಗಿ ಎರಡು ಹೋಳಾಗಿ, ಒಂದು ಹೋಳು ಅವರ ಬಲಗಾಲಿನ ಮೇಲೆ ಬಿತ್ತು. ನಾನು ನಿಂತಿದ್ದ ಜಾಗ ಅದು. ಅವರು ಅಲ್ಲೇ ಕೂತುಬಿಟ್ಟರು. ಸೋಪಿನ ನೀರು ಕೆಂಪಾಗಿ ಹರಿಯಿತು.

ಜನ ಬಂದು ಕಲ್ಲು ಎತ್ತುವಾಗ ಅವರು ನೆಲ ನೋಡುತ್ತಾ ಹೇಳಿದರು: "ಹನ್ನೊಂದು ಬೊಟ್ಟು. ನಾನೂ ಎಣಿಸ್ತಾನೇ ಇದ್ದೆ ಕಣಮ್ಮ. ತಪ್ಪಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ."

ನನಗೆ ಕನಿಕರ ಬರಲಿಲ್ಲ, ಸುಳ್ಳೇಕೆ ಹೇಳಲಿ. ಎಣಿಸುತ್ತಿದ್ದರಂತೆ! ಹನ್ನೊಂದು ವಾರ ಹೆಂಡತಿ ಅದರ ಮುಂದೆ ನಿಂತು ಬಡಿಯುವುದನ್ನು ನೋಡುತ್ತಾ ಎಣಿಸುತ್ತಿದ್ದರಂತೆ. ಮರ್ಯಾದೆಗೆ ಅಂಜಿದ ಗಂಡಸಿಗಿಂತ ಆ ಕಲ್ಲೇ ವಾಸಿ, ಅದು ಒಡೆದಾದರೂ ನಿಜ ಹೇಳಿತು.

ಸಂಜೆ ಅಕ್ಕ ತಾಯಿಯನ್ನು ಮಣ್ಣು ಮಾಡಿ ಬಂದಳು. ಒಡೆದ ಕಲ್ಲು ನೋಡಿದವಳೇ ನನ್ನ ಹತ್ತಿರ ಓಡಿ ಬಂದು ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಮಗು ಅಲುಗಾಡುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ಗಂಡನ ಹತ್ತಿರ ಹೋದಳು. ಅವರ ಎರಡು ಬೆರಳು ಜಜ್ಜಿಹೋಗಿದ್ದವು.

"ನೋಯ್ತೈತಾ?"

"ಹೂಂ."

"ನೋಯ್ಲಿ," ಎಂದಳು. ಬಿಸಿನೀರು ತಂದು ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತಾ, ಆಗ ಅತ್ತಳು. ತಾಯಿಗೋ, ಕಾಲಿಗೋ, ಹನ್ನೊಂದು ವಾರಕ್ಕೋ, ನಾನು ಕೇಳಲಿಲ್ಲ.

ನನಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಅದಕ್ಕೆ ಮೂರು ತಿಂಗಳಾದಾಗ ಗಾಡಿ ಮತ್ತೆ ಬಂಡೆಗೆ ಹೊರಟಿತು. ಈ ಸಲ ನಾನೂ ಮಗು ಎತ್ತಿಕೊಂಡು ಹೋದೆ. ಅಕ್ಕ ಐದು ಕಲ್ಲಿಗೆ ನೀರು ಚಿಮುಕಿಸಿ ಕುಕ್ಕರುಗಾಲಲ್ಲಿ ಕೂತಳು. ಪಿಳ್ಳಪ್ಪ ದೂರ ನಿಂತು ಉಳಿ ಮಸೆಯುತ್ತಿದ್ದ. ಭಾವ ಕುಂಟುತ್ತಾ ಕೆಳಗಿಳಿದು, ಕುಂಕುಮದ ಬಟ್ಟಲು ಹಿಡಿದುಕೊಂಡು ಹೆಂಡತಿಯ ಪಕ್ಕ ನಿಂತರು. ಸ್ವಲ್ಪ ಹೊತ್ತಾದ ಮೇಲೆ, ಕೂಲಿಯವರೆಲ್ಲ ಕೇಳುವಂತೆ ಕೇಳಿದರು:

"ಈಗ ಇಡ್ಲಾ?"

ಅಕ್ಕ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ. "ತಡೀರಿ. ಇನ್ನೂ ಒಣಗಿಲ್ಲ."

ಭಾವ ಬಟ್ಟಲು ಹಿಡಿದುಕೊಂಡೇ ಬಿಸಿಲಲ್ಲಿ ನಿಂತು ಕಾದರು.